ಚಾಳೀಸು ಕಣ್ಣಿಗೊಂದು ಡೈವ್ ಕಂಪ್ಯೂಟರ್

ನೀರಿನಡಿ ಉಸಿರಾಡುವುದು ನನಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ನೀರಿನಡಿ ಓದುವುದು. ನಾಸಿಕದ ಈಜುಕೊಳದ ಆಳದ ತುದಿಯಲ್ಲಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮಂಡಿಯೂರಿ ಕೂತಿದ್ದೆ. ನಮಗೆ ಸ್ಕೂಬಾ ಕಲಿಸುತ್ತಿದ್ದ ಹುಡುಗಿ ಎದುರಿಗೆ ಬಂದು, ಒಂದು ಅಂಗೈಯ ಮೇಲೆ ಇನ್ನೊಂದು ಕೈಯ ಎರಡು ಬೆರಳಿಟ್ಟು ತೋರಿಸಿದಳು. ಗಾಳಿ ಎಷ್ಟು ಉಳಿದಿದೆ ಎಂಬ ಪ್ರಶ್ನೆ ಅದು. ಅವಳೇ ನನ್ನ ಮಣಿಕಟ್ಟಿಗೆ ಕಟ್ಟಿದ್ದ ಡೈವ್ ಕಂಪ್ಯೂಟರ್ ನೋಡಿ ನಾನು ಉತ್ತರ ಹೇಳಬೇಕಿತ್ತು. ಕೈಗಡಿಯಾರದಷ್ಟೇ ಇರುವ ವಸ್ತು. ನೋಡಿದೆ. ಸಾಸಿವೆ ಚೆಲ್ಲಿದ ಹಾಗೆ ಕಂಡಿತು. ಕೈ ದೂರ ಮಾಡಿದೆ, ಹತ್ತಿರ ತಂದೆ, ಕಡೆಗೆ ಅಂದಾಜಿಗೆ ಏನೋ ಬೆರಳು ತೋರಿಸಿದೆ. ಅವಳು ತಲೆಯಲ್ಲಾಡಿಸಿ ಹೆಬ್ಬೆರಳು ಮೇಲೆತ್ತಿದಳು. ನೀರಿನಡಿ ಅದಕ್ಕೆ ಶಭಾಷ್ ಎಂದು ಅರ್ಥವಲ್ಲ. ಮೇಲಕ್ಕೆ ನಡೆಯಿರಿ ಎಂದು ಅರ್ಥ.

ದಂಡೆಯ ಮೇಲೆ ಕೂರಿಸಿ ಮರಾಠಿಯಲ್ಲಿ ಹೇಳಿದಳು: "ಕಾಕೂ, ಉಸಿರು ನಿಮಗೆ ಚೆಂದ ಕೂತಿದೆ. ಆದರೆ ಎಷ್ಟು ಆಳದಲ್ಲಿದ್ದೀರಿ, ಇನ್ನೆಷ್ಟು ಹೊತ್ತು ಇರಬಹುದು, ಗಾಳಿ ಎಷ್ಟಿದೆ, ಇದನ್ನೆಲ್ಲ ನೀವೇ ಓದಿಕೊಳ್ಳಬೇಕು. ಪಕ್ಕದವರನ್ನು ಕೇಳಿ ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಕೊನೆಯ ಪಾಠದ ದಿನವೂ ಓದಲಾಗದಿದ್ದರೆ ನಾನು ನಿಮ್ಮನ್ನು ಕರೆದೊಯ್ಯುವುದಿಲ್ಲ."

ನನ್ನ ಮಗಳಾಗುವ ವಯಸ್ಸಿನವಳು. ಸಿಟ್ಟು ಬಂತು. ಹೇಳಿದ್ದು ಸರಿಯಾಗಿತ್ತು ನೋಡಿ, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ನಾವು ಕಲಬುರಗಿ ಕಡೆಯವರು. ನಾನೂ ನನ್ನ ಯಜಮಾನರೂ ನಾಸಿಕದ ಸಾತಪುರದಲ್ಲಿ ಜೋಳದ ರೊಟ್ಟಿಯ ಖಾನಾವಳಿ ನಡೆಸುತ್ತೇವೆ. ಕಾರ್ಖಾನೆಗಳ ಪಾಳಿ ಬಿಟ್ಟರೆ ಸಾಕು, ನಮ್ಮ ಬಾಗಿಲ ಮುಂದೆ ಬೈಕುಗಳು ಸಾಲುಗಟ್ಟುತ್ತವೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಹೆಂಚಿನ ಮುಂದೆ ಕೂತು ರೊಟ್ಟಿ ಬಡಿಯುವುದರಲ್ಲೇ ನನ್ನ ಅರ್ಧ ಆಯುಷ್ಯ ಸರಿದಿದೆ. ಅದರ ಬಗ್ಗೆ ನನಗೆ ಬೇಸರವಿಲ್ಲ, ನನ್ನ ರೊಟ್ಟಿಗೆ ಹೆಸರಿದೆ. ಆದರೆ ಐವತ್ತು ದಾಟಿದ ಮೇಲೆ ಒಂದು ಹುಚ್ಚು ಹಿಡಿಯಬೇಕೆಂದು ಹಣೆಯಲ್ಲಿ ಬರೆದಿದ್ದರೆ ಯಾರೇನು ಮಾಡಲಾಗುತ್ತದೆ?

ಹುಚ್ಚು ಹಿಡಿಸಿದವಳು ನನ್ನ ತಂಗಿ. ಅವಳಿರುವುದು ಸಂಭಾಜಿನಗರದಲ್ಲಿ, ಚಿಕಲಠಾಣಾದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ರಜೆಗೆಂದು ಇಬ್ಬರೂ ಮಾಲವಣಕ್ಕೆ ಹೋಗಿದ್ದಾಗ, ಸಮುದ್ರದ ದಂಡೆಯಲ್ಲಿ ಪ್ರವಾಸಿಗರನ್ನು ಸ್ವಲ್ಪ ಹೊತ್ತು ಮುಳುಗಿಸಿ ಮೀನು ತೋರಿಸುವವರ ದೋಣಿ ಹತ್ತಿಸಿದಳು. ನಾನು ಬೈಯುತ್ತಲೇ ಹತ್ತಿದೆ, ಬೈಯುತ್ತಲೇ ಇಳಿದೆ. ತಲೆ ನೀರೊಳಗೆ ಹೋದದ್ದೇ ತಡ, ಬೈಗುಳ ನಿಂತುಹೋಯಿತು. ಬಾಯಲ್ಲಿ ರಬ್ಬರು ಕಚ್ಚಿದ್ದಕ್ಕಲ್ಲ! ಎದುರಿಗೆ ಹಳದಿ ಪಟ್ಟೆಯ ಮೀನುಗಳ ಒಂದು ಹಿಂಡು, ನಾನೊಬ್ಬಳು ಅಲ್ಲಿದ್ದೇನೆಂಬ ಪರಿವೆಯೇ ಇಲ್ಲದೆ, ಸುತ್ತಲೂ ಆರಾಮಾಗಿ ಓಡಾಡಿಕೊಂಡಿತ್ತು. ಯಾರಿಗೂ ರೊಟ್ಟಿ ಬೇಕಿರಲಿಲ್ಲ, ಯಾರೂ ಪಲ್ಯ ಕೇಳಲಿಲ್ಲ. ಅಷ್ಟು ಸುಖವನ್ನು ನಾನು ಕಂಡಿರಲಿಲ್ಲ. ಮೇಲೆ ಬಂದವಳೇ ತಂಗಿಯ ಕೈ ಹಿಡಿದು, "ಇದನ್ನ ಪೂರಾ ಕಲಿಯೂಣು," ಎಂದೆ. ಆ ದೋಣಿಯ ಮೇಲೇ ಈ ಹುಡುಗಿಯ ಪರಿಚಯವಾದದ್ದು. ಅವಳು ಆಗಾಗ ನಾಸಿಕಕ್ಕೆ ಬಂದು ಈಜುಕೊಳದಲ್ಲಿ ಪಾಠ ಮಾಡುತ್ತಾಳೆಂದು ತಿಳಿಯಿತು. ಕೊಳದ ಪಾಠ ಮುಗಿಸಿದವರಿಗೆ ಸಮುದ್ರ. ಪಾಠವಿದ್ದಾಗ ತಂಗಿಯೂ ಸಂಭಾಜಿನಗರದಿಂದ ಬರುವುದೆಂದಾಯಿತು.

ಯಜಮಾನರು ನಕ್ಕು ನಕ್ಕು ಸುಸ್ತಾದರು. "ಅಲ್ಲ, ಕಾಗಿಣಾ ಹೊಳ್ಯಾಗ ಕಾಲ ತೊಯಿಸ್ಕೊಳ್ಲಾಕ ಅಂಜ್ತಿದ್ದಾಕಿ ನೀ. ಈಗ ಸಮುದ್ರದ ತಳಾ ನೋಡ್ತೀನಂತಿ!"

"ಹೊಳ್ಯಾಗ ಗಾಳಿ ಕೊಡೋರು ಯಾರ ಇದ್ರು? ಸಮುದ್ರದಾಗ ಸಿಲಿಂಡರ್ ಕೊಡ್ತಾರ್ರಿ," ಎಂದೆ.

ಸಿಲಿಂಡರ್ ಎಂದದ್ದೇ ಅವರ ನಗು ಹೋಯಿತು. ನಮ್ಮ ಯಜಮಾನರಿಗೂ ಸಿಲಿಂಡರಿಗೂ ಇರುವ ಸಂಬಂಧ ಸಾಮಾನ್ಯದ್ದಲ್ಲ. ನಮ್ಮ ಖಾನಾವಳಿಯಲ್ಲಿ ಅವರದೊಂದು ಕಟ್ಟಳೆ ಇದೆ: ಒಲೆಯ ಹತ್ತಿರ ಯಾರೂ ಇಲ್ಲವೆಂದರೆ, ಗ್ಯಾಸ್ ಸಿಲಿಂಡರ್ ದಾಟಿ ಹೋಗುವವರು ಅದನ್ನು ಬಂದ್ ಮಾಡಿಯೇ ಹೋಗಬೇಕು. ಬೇರೆಯವರು ಮರೆಯಬಹುದು, ಅವರು ಮರೆತದ್ದಿಲ್ಲ. ನಡೆಯುತ್ತ ನಡೆಯುತ್ತ, ಮಾತಾಡುತ್ತ ಮಾತಾಡುತ್ತ ಅವರ ಕೈ ತಾನಾಗಿ ಬಗ್ಗಿ ತಿರುವಿ ಬರುತ್ತದೆ. ಮದುವೆ ಮನೆಗೆ ಉಣ್ಣಲು ಹೋದಾಗ ಅಡಿಗೆಯವರ ಸಿಲಿಂಡರ್ ಬಂದ್ ಮಾಡಿ ಬೈಸಿಕೊಂಡು ಬಂದವರು. ಆ ಕಾಳಜಿಯಿಂದಲೇ ನಮ್ಮ ಖಾನಾವಳಿಗೆ ಇದುವರೆಗೆ ಏನೂ ಆಗಿಲ್ಲ ಎಂಬುದೂ ನಿಜವೇ. ಹೆಂಡತಿ ಒಂದು ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ನೀರಿಗೆ ಹಾರುತ್ತಾಳೆಂದರೆ ಅವರಿಗೆ ಹೇಗಾಗಿರಬೇಡ! ಅದರಲ್ಲಿ ಗ್ಯಾಸ್ ಇಲ್ಲ, ಬರೀ ಗಾಳಿ ಎಂದು ತಿಳಿಸಿ ಹೇಳುವಷ್ಟರಲ್ಲಿ ನನಗೇ ಏದುಸಿರು ಬಂತು.

ಹೀಗೆ ಎಲ್ಲರನ್ನೂ ಒಪ್ಪಿಸಿ ನೀರಿಗಿಳಿದರೆ, ಅಡ್ಡ ಬಂದದ್ದು ನನ್ನ ಚಾಳೀಸು. ಕನ್ನಡಕದ ಅಂಗಡಿಗೆ ಹೋಗಿ ಕೇಳಿದೆ. ಮುಖಕ್ಕೆ ಹಾಕುವ ಮಾಸ್ಕಿಗೇ ಓದುವ ಗಾಜು ಅಂಟಿಸಬಹುದು, ಆದರೆ ಪೂರ್ತಿ ಅಂಟಿಸಿದರೆ ದೂರದ್ದು ಮಸುಕಾಗುತ್ತದೆ ಎಂದರು. ಅಂಕಿ ಕಾಣಲೆಂದು ಮೀನು ಕಳೆದುಕೊಳ್ಳುವುದೇ? ಕೆಳಗಷ್ಟೇ ಅಂಟಿಸುವ ಚಿಕ್ಕ ಗಾಜಿನ ತುಂಡು ತರಿಸಿದೆ. ಮುಂದಿನ ಪಾಠದಲ್ಲಿ ಅದು ಕಳಚಿಕೊಂಡು ಮೂಗಿನ ಮೇಲೆ ಬಂದು ಕೂತಿತು. ಇನ್ನು ಮಣಿಕಟ್ಟಿನ ಪಟ್ಟಿಯಂತೂ ನನಗೆ ಮೊದಲಿನಿಂದಲೂ ಆಗಿಬರಲಿಲ್ಲ. ರೊಟ್ಟಿ ಬಡಿಯುವವಳು ಬಳೆ ಮೇಲೇರಿಸಿಕೊಂಡು ಕೂರುತ್ತಾಳೆ, ಕೈಗೆ ಬೇರೇನೂ ಕಟ್ಟುವುದಿಲ್ಲ. ಅದೊಂದು ಕೈಗೆ ತಗುಲಿಕೊಂಡಿದೆಯೆಂದರೆ ಪಾಠದುದ್ದಕ್ಕೂ ನನ್ನ ಧ್ಯಾನವೆಲ್ಲ ಅದನ್ನು ಸರಿಸುವುದರಲ್ಲೇ.

ಆಮೇಲೆ ಒಂದು ಮಧ್ಯಾಹ್ನ, ಊಟದ ಗಲಾಟೆ ಇಳಿದ ಮೇಲೆ, ಮೊಬೈಲಿನಲ್ಲಿ ಯಾರೋ ಮುಳುಗುವ ವಿಡಿಯೋ ನೋಡುತ್ತಿದ್ದೆ. ನೋಡುತ್ತಿದ್ದಂತೆ ಆ ಮನುಷ್ಯ ತನ್ನ ಪಕ್ಕೆಯಿಂದ ಏನನ್ನೋ ಎತ್ತಿ, ತೋಳು ಚಾಚಿ ಹಿಡಿದು, ಓದಿ, ಮತ್ತೆ ಬಿಟ್ಟ. ನಮ್ಮ ಕಡೆಯ ಅಜ್ಜಿಯರು ಸೊಂಟಕ್ಕೆ ಸಿಗಿಸಿಕೊಂಡ ಬೀಗದ ಕೈ ಗೊಂಚಲು ಎತ್ತಿ ನೋಡುತ್ತಾರಲ್ಲ, ಥೇಟ್ ಹಾಗೆ! ನಿಲ್ಲಿಸಿ ಹಿಂದಕ್ಕೆ ಓಡಿಸಿ ನೋಡಿದೆ. ಸಿಲಿಂಡರಿನ ಬಾಯಿಂದ ಹೊರಟ ಒಂದು ಕೊಳವೆ, ಕೊಳವೆಯ ತುದಿಗೆ ಅಂಗೈಯುದ್ದದ ಒಂದು ಡಬ್ಬಿ, ಡಬ್ಬಿಯಲ್ಲಿ ಕಂಪ್ಯೂಟರ್. ಎದ್ದು ಕೂತೆ. ಕೈಗೆ ಕಟ್ಟುವ ರಗಳೆಯೇ ಇಲ್ಲ! ಅಂಕಿಗಳೂ ದೊಡ್ಡವು! ತಂಗಿಗೆ ಫೋನ್ ಮಾಡಿದೆ. ಅದಕ್ಕೆ ಕನ್ಸೋಲ್ ಅನ್ನುತ್ತಾರೆಂದು ಅವಳೇ ಹುಡುಕಿ ಹೇಳಿದಳು. ಈಗೀಗ ಎಲ್ಲರೂ ಕೈಗೆ ಕಟ್ಟುವುದನ್ನೇ ಕೊಳ್ಳುತ್ತಾರಂತೆ, ಇದು ಹಳೆಯ ಕಾಲದವರದ್ದಂತೆ. ನಾನೂ ಹಳೆಯ ಕಾಲದವಳೇ ತಾನೆ ಎಂದೆ.

ಎಂಟು ದಿನ ಕಳೆದಿರಲಿಕ್ಕಿಲ್ಲ, ತಂಗಿಯ ಫೋನ್ ಬಂತು. "ಅಕ್ಕ, ನಮ್ಮ ಆಫೀಸ್ನ್ಯಾಗ ಮೊದಲ ಇದ್ದ ಒಬ್ಬ ಸಾಹೇಬರು ಈಗ ರಿಟೈರ್ ಆಗ್ಯಾರ. ಅವರ ಹತ್ರ ಎರಡು ಕನ್ಸೋಲ್ ಅದಾವಂತ. ಕೊಡ್ತೀನಿ ಅಂದಾರ. ರವಿವಾರ ಬಂದುಬಿಡು."

ಬಸ್ಸಿನಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಯೇವಲಾ ಹೋಯಿತು, ವೈಜಾಪುರ ಹೋಯಿತು, ಗಂಗಾಪುರದ ಕಡೆಯ ಹತ್ತಿ ಹೊಲಗಳು ಕಿಟಕಿಯಾಚೆ ಓಡಿದವು. ಪಕ್ಕದಲ್ಲಿದ್ದ ಹೆಂಗಸು, ಹೆಣ್ಣು ನೋಡಲು ಹೊರಟಿರೋ ಎಂದು ಮರಾಠಿಯಲ್ಲಿ ಕೇಳಿದಳು. ಹೌದೆಂದೆ. ಎರಡು ಹೆಣ್ಣು ಇವೆ, ಒಂದನ್ನು ಆರಿಸಬೇಕು ಎಂದೆ. ಆಕೆ ಇಳಿಯುವವರೆಗೂ ಎರಡು ಮನೆಯವರ ಜೊತೆ ಏಕಕಾಲಕ್ಕೆ ಮಾತಾಡುವುದು ಹೇಗೆ ತಪ್ಪು ಎಂದು ನನಗೆ ಬುದ್ಧಿ ಹೇಳಿದಳು.

ಸಾಹೇಬರ ಮನೆ ಚಿಕಲಠಾಣಾದಲ್ಲಿ, ವಿಮಾನ ಇಳಿಯುವ ಸದ್ದು ಕೇಳುವಷ್ಟು ಹತ್ತಿರ. ವಯಸ್ಸಾದವರು, ಮೃದು ಮಾತಿನವರು. ಇನ್ನು ನೀರಿಗಿಳಿಯಬೇಡಿ ಎಂದು ವೈದ್ಯರು ಹೇಳಿದ್ದರಿಂದ ಸಾಮಾನು ಬಿಡುತ್ತಿದ್ದೇನೆ ಎಂದರು. ಎರಡೂ ಕನ್ಸೋಲುಗಳನ್ನು ಟವೆಲ್ಲಿನಲ್ಲಿ ಸುತ್ತಿ ತಂದು ಮೇಜಿನ ಮೇಲೆ ಬಿಚ್ಚಿಟ್ಟರು. ಒಂದು ಹೊಸದು: ಒಂದೇ ಪರದೆಯಲ್ಲಿ ಆಳ, ಹೊತ್ತು, ಗಾಳಿ ಎಲ್ಲವೂ ಅಂಕಿಯಲ್ಲೇ. ಇನ್ನೊಂದು ಸ್ವಲ್ಪ ಹಳೆಯದು, ಕೈಗೆ ಭಾರ. ಮೇಲಿನ ಅರ್ಧದಲ್ಲಿ ಆಳ ಮತ್ತು ಹೊತ್ತು ತೋರಿಸುವ ಕಂಪ್ಯೂಟರ್, ಕೆಳಗಿನ ಅರ್ಧದಲ್ಲಿ ಗಾಳಿಯ ಒತ್ತಡ ತೋರಿಸುವ ಮುಳ್ಳಿನ ಮಾಪಕ. ಅದರ ಒಂದು ತುದಿಗೆ ಕೆಂಪು ಬಣ್ಣ. ಮುಳ್ಳು ಕೆಂಪಿಗೆ ಬಂದರೆ ಗಾಳಿ ಮುಗಿಯುತ್ತ ಬಂದಿದೆ ಎಂದು ಲೆಕ್ಕ.

"ಹೊಸದನ್ನೇ ಒಯ್ಯಿರಿ," ಎಂದರು ಸಾಹೇಬರು. "ಎಲ್ಲ ಒಂದೇ ಕಡೆ ಇದೆ." ತಂಗಿಯೂ ಹೂಂ ಎಂದಳು.

ಮೇಜಿನ ಮೇಲೆ, ಕನ್ನಡಕ ಹಾಕಿಕೊಂಡು ನೋಡಿದರೆ ಹೊಸದೇ ಚೆಂದ. ಆದರೆ ನಾನು ಮೇಜಿನ ಮೇಲೆ ಮುಳುಗುವುದಿಲ್ಲವಲ್ಲ. ನಾವು ಬದನೆಕಾಯಿಯನ್ನೂ ಒತ್ತಿ ನೋಡದೆ ತರುವವರಲ್ಲ. ಚೀಲದಿಂದ ಮಾಸ್ಕ್ ತೆಗೆದೆ. "ಒಂದು ದೊಡ್ಡ ಟಬ್ಬಿನಲ್ಲಿ ನೀರು ಕೊಡುತ್ತೀರಾ?" ಎಂದು ಕೇಳಿದೆ. ಸಾಹೇಬರು ಒಂದು ಕ್ಷಣ ನನ್ನ ಮುಖ ನೋಡಿ, ಎದ್ದು ಹೋಗಿ ಹಿತ್ತಲಿನ ನಲ್ಲಿ ತಿರುಗಿಸಿದರು.

ಹಿತ್ತಲಿನಲ್ಲಿ ಸೆರಗು ಸಿಕ್ಕಿಸಿ, ಮಂಡಿಯೂರಿ, ಮಾಸ್ಕ್ ಹಾಕಿದ ಮುಖವನ್ನು ಟಬ್ಬಿನೊಳಗಿಟ್ಟೆ. ತೋಳಿನಷ್ಟು ದೂರದಲ್ಲಿ, ಟಬ್ಬಿನ ಆಚೆ ತುದಿಯಲ್ಲಿ, ತಂಗಿ ಮೊದಲು ಹೊಸದನ್ನು ಮುಳುಗಿಸಿ ಹಿಡಿದಳು. ಅಂಕಿಗಳು ಕಂಡವು. ಯಾವುದು ಆಳ, ಯಾವುದು ಹೊತ್ತು, ಯಾವುದು ಗಾಳಿ ಎಂದು ಬಿಡಿಸಿಕೊಳ್ಳುವಷ್ಟರಲ್ಲಿ ನನ್ನ ಉಸಿರು ಕಟ್ಟಿ ತಲೆ ಎತ್ತಬೇಕಾಯಿತು. ಮತ್ತೆ ಇಟ್ಟೆ. ಈ ಸಲ ಹಳೆಯದು. ಮೇಲಿನ ಪರದೆಯಲ್ಲಿ ಕೆಲವೇ ಅಂಕಿ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡವು. ಕೆಳಗೆ ಮುಳ್ಳು. ಅದರ ಸುತ್ತ ಬರೆದ ಸಣ್ಣ ಅಂಕಿಗಳು ಕಾಣಲಿಲ್ಲ. ಆದರೆ ಮುಳ್ಳು ಎಲ್ಲಿದೆ ಎಂಬುದು ಕಂಡಿತು! ನಮ್ಮ ಖಾನಾವಳಿಯ ಗೋಡೆಯ ಗಡಿಯಾರದ ಅಂಕಿಗಳೂ ಹೊಗೆ ಹಿಡಿದು ಮಾಸಿಹೋಗಿವೆ. ಹೆಂಚಿನ ಮುಂದೆ ಕೂತು ನಾನು ನೋಡುವುದು ಮುಳ್ಳು ಹೇಗೆ ನಿಂತಿದೆ ಎಂಬುದನ್ನಷ್ಟೇ. ಪಾಳಿ ಬಿಡುವ ಹೊತ್ತಾಯಿತೆಂದು ತಿಳಿಯುತ್ತದೆ, ಹಿಟ್ಟು ನಾದಲು ಶುರು ಮಾಡುತ್ತೇನೆ. ಅಂಕಿ ಓದಿ ನಾನು ಎಂದೂ ಹೊತ್ತು ತಿಳಿದವಳಲ್ಲ.

"ಇದೇ!" ಎಂದು ನೀರಿನೊಳಗೇ ಕೂಗಿದೆ. ಅರ್ಧ ಟಬ್ಬು ನೀರು ಬಾಯಿಗೆ ಹೋಯಿತು. ಕೆಮ್ಮುತ್ತ, ನಗುತ್ತ, ಗದ್ದದಿಂದ ನೀರು ಸುರಿಸುತ್ತ ಎದ್ದೆ. ತಂಗಿಯ ಸೀರೆಯೂ ತೊಯ್ದಿತ್ತು. ಸಾಹೇಬರು ಮಾತ್ರ ಗಂಭೀರವಾಗಿ, "ಕೊಳ್ಳಲು ಬಂದವರು ಬಹಳ ಜನ, ಮುಖ ಮುಳುಗಿಸಿ ನೋಡಿದವರು ನೀವೊಬ್ಬರೇ," ಎಂದರು. ಹಳೆಯ ಕನ್ಸೋಲಿಗೆ ಹೊಸ ಬ್ಯಾಟರಿ ಹಾಕಿ, ನೀರೊರೆಸಿ, ಕೊಡುವ ಮೊದಲು ಒಮ್ಮೆ ಕೈಯಲ್ಲಿ ತೂಗಿ ನೋಡಿದರು. ಎರಡೂ ಕೈ ಚಾಚಿ ತೆಗೆದುಕೊಂಡೆ. ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದೆ.

ಹುಡುಗಿ ಅದನ್ನು ತನ್ನ ಮಾಪಕದ ಪಕ್ಕದಲ್ಲಿಟ್ಟು ತಾಳೆ ನೋಡಿ, ಸರಿಯಾಗಿದೆ ಎಂದು ಒಪ್ಪಿ, ನಾನು ಬಳಸುವ ಕೊಳವೆಗಳಿಗೆ ಜೋಡಿಸಿದಳು. ಆದರೂ ಬಾಯಿ ಬಿಟ್ಟು ಭರವಸೆ ಕೊಡಲಿಲ್ಲ. "ಕೊನೆಯ ಪಾಠದಲ್ಲಿ ನೋಡೋಣ, ಕಾಕೂ."

ಕೊನೆಯ ಪಾಠದ ದಿನ ಖಾನಾವಳಿಗೆ ಬೀಗ ಹಾಕಿ ಯಜಮಾನರೂ ಬಂದರು. ನಾನು ಪಾಸಾಗುತ್ತೇನೋ ಇಲ್ಲವೋ ನೋಡಲೆಂದು ಹೇಳಿಕೊಂಡರು. ಹೆದರಿಕೆಗೆ ಬಂದಿದ್ದಾರೆಂದು ನನಗೆ ಗೊತ್ತಿತ್ತು. ಬೆಳಗಿನ ಬಿಸಿಲು ಕೊಳದ ಮೇಲೆ ಥಳಥಳಿಸುತ್ತಿತ್ತು. ನಾನೂ ತಂಗಿಯೂ ಸಾಮಾನು ಜೋಡಿಸಿ, ಸಿಲಿಂಡರ್ ತೆರೆದು, ಮುಳ್ಳು ತುಂಬಿದ ಕಡೆ ನಿಂತದ್ದನ್ನು ನೋಡಿ, ಎಲ್ಲವನ್ನೂ ದಂಡೆಯಲ್ಲಿ ಸಾಲಾಗಿಟ್ಟು ಬಟ್ಟೆ ಬದಲಿಸಲು ಹೋದೆವು. ತಂಗಿ ಬೇಗ ಹೊರಬಂದು ಭಾವನನ್ನು ಚಹಕ್ಕೆ ಕರೆದದ್ದು ಒಳಗಿದ್ದ ನನಗೂ ಕೇಳಿಸಿತು.

ಬಂದು ಎಲ್ಲ ಏರಿಸಿಕೊಂಡು ದಂಡೆಯ ಅಂಚಿಗೆ ನಿಂತೆ. ಹಾರುವ ಮೊದಲು ಮಾಪಕ ನೋಡುತ್ತ ನಾಲ್ಕು ಉಸಿರೆಳೆಯಬೇಕೆಂದು ಹುಡುಗಿ ಕಲಿಸಿದ್ದಳು. ಕನ್ಸೋಲ್ ಎತ್ತಿ, ತೋಳು ಚಾಚಿ ಹಿಡಿದು, ಉಸಿರೆಳೆದೆ. ಮುಳ್ಳು ಕೆಳಗೆ ಬಿತ್ತು. ಉಸಿರು ಬಿಟ್ಟೆ. ಮುಳ್ಳು ಮೆಲ್ಲಗೆ ಮೇಲೆ ಹತ್ತಿತು. ಮತ್ತೆ ಎಳೆದೆ, ಮತ್ತೆ ಬಿತ್ತು.

"ಕಾಕೂ, ಹಾರಿ!" ಎಂದಳು ಹುಡುಗಿ ನೀರಿನಿಂದ.

ನಾನು ಹಾರಲಿಲ್ಲ. ಈ ಆಟ ನಾನೆಲ್ಲೋ ನೋಡಿದ್ದೇನೆ ಅನಿಸಿತು. ಎಲ್ಲೋ ಏನು, ದಿನಾ ನೋಡುತ್ತೇನೆ. ಸಿಲಿಂಡರ್ ಪೂರ್ತಿ ತೆರೆಯದೆ ಎರಡು ಒಲೆ ಹಚ್ಚಿದರೆ ಉರಿ ಹೀಗೇ ಕುಗ್ಗುತ್ತದೆ, ಒಂದನ್ನು ಆರಿಸಿದರೆ ಮತ್ತೆ ಏಳುತ್ತದೆ. ಬೇಕಾದಷ್ಟು ಒಳಗಿದೆ, ಹೊರಗೆ ಬರಲು ದಾರಿ ಸಾಲದು. ಬಾಯಿಂದ ರಬ್ಬರು ತೆಗೆದು ಹೇಳಿದೆ: "ಗಾಳಿ ಇದೆ. ಆದರೆ ಸಿಲಿಂಡರ್ ಪೂರ್ತಿ ತೆರೆದಿಲ್ಲ. ಯಾರೋ ತಿರುವಿದ್ದಾರೆ."

ಹುಡುಗಿ ಸರ್ರನೆ ದಂಡೆ ಹತ್ತಿ ಬಂದು ನನ್ನ ಬೆನ್ನ ಹಿಂದೆ ಕೈ ಹಾಕಿದಳು. ಸಿಲಿಂಡರಿನ ಗುಂಡಿ ತಿರುಗುತ್ತಲೇ ಹೋಯಿತು. ಬಂದ್ ಆಗಲು ಕೂದಲೆಳೆಯಷ್ಟೇ ಉಳಿದಿತ್ತಂತೆ. ಅವಳ ಮುಖ ಬಿಳುಪೇರಿತ್ತು. ನೆಲದ ಮೇಲೆ ಉಸಿರಿಗೆ ಸಾಲುವ ಗಾಳಿ ಆಳದಲ್ಲಿ ಸಾಲುವುದಿಲ್ಲ ಎಂದಳು. ಆಮೇಲೆ ಎಲ್ಲರೂ ಒಟ್ಟಿಗೆ ತಿರುಗಿ ನೋಡಿದೆವು. ಯಜಮಾನರು ಚಹದ ಲೋಟ ಹಿಡಿದು ನಿಂತಲ್ಲೇ ಕಲ್ಲಾಗಿದ್ದರು.

"ಯಾರೂ ಇರಲಿಲ್ಲ," ಎಂದರು, ಅವರ ದನಿಯೇ ಅಲ್ಲ ಅದು. "ಸಿಲಿಂಡರ್ ತೆರದಿತ್ತು. ಹತ್ರ ಯಾರೂ ಇರಲಿಲ್ಲ. ಕೈ ತಾನ ಹೋತು. ತಿರುವಿದಷ್ಟೂ ತಿರುಗ್ಲಾಕತ್ತಿತ್ತು, ಅಷ್ಟರಾಗ ಚಹಾಕ್ಕ ಕರದ್ರು."

ಬೈಯಬೇಕಿತ್ತು. ಬಾಯಿ ತೆರೆದರೆ ನಗು ಬಂತು, ನಗುವಿನ ಹಿಂದೆಯೇ ಕಣ್ಣೀರು ಬಂತು. ಹುಡುಗಿ ಮಾತ್ರ ನನ್ನನ್ನೇ ನೋಡುತ್ತಿದ್ದಳು. "ಕಾಕೂ, ನೀವು ಓದಿದಿರಿ," ಎಂದಳು. "ಕನ್ನಡಕವಿಲ್ಲದೆ ಓದಿದಿರಿ."

ಆಮೇಲೆ ನೀರಿಗಿಳಿದು ಆಳದ ತುದಿಯಲ್ಲಿ ಅವಳು ಕೇಳಿದ್ದಕ್ಕೆಲ್ಲ ಬೆರಳು ತೋರಿಸಿದೆ. ಗಾಳಿ, ಆಳ, ಹೊತ್ತು. ಎಲ್ಲ ಸರಿ. ಅವಳು ಬೆರಳು ಮಡಿಸಿ ಸೊನ್ನೆ ಮಾಡಿ ತೋರಿಸಿದಳು. ನೀರಿನಡಿ ಶಭಾಷ್ ಎಂದರೆ ಅದು.

ಸಮುದ್ರದ ದಿನ ಯಜಮಾನರು ಬರುವುದಿಲ್ಲವೆಂದುಕೊಂಡಿದ್ದೆ. ಕೊಳದಿಂದ ಮನೆಗೆ ಬಂದ ಮೇಲೆ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಬಂದರು. ಮಾಲವಣದ ದೋಣಿಯಲ್ಲಿ ಸಿಲಿಂಡರುಗಳ ಸಾಲಿನಿಂದ ದೂರ, ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಸಿಕ್ಕಿಸಿಕೊಂಡು ಕೂತರು. ಅಲೆಗೆ ದೋಣಿ ಓಲಾಡಿ ಬೀಳುವಂತಾದರೂ ಕೈ ಹೊರಗೆ ತೆಗೆಯಲಿಲ್ಲ. ತಂಗಿ ನಕ್ಕಳು, ದೋಣಿಯವನೂ ನಕ್ಕ. ಅವರು ನಗಲಿಲ್ಲ. ಅವರಿಗೆ ನನ್ನ ಕೈಯಲ್ಲಿದ್ದ ಕನ್ಸೋಲ್ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ನಾನು ದೋಣಿಯ ಅಂಚಿಗೆ ಬಂದು, ತೋಳು ಚಾಚಿ, ಉಸಿರೆಳೆಯಲು ಶುರು ಮಾಡಿದೆ.

"ಮುಳ್ಳ ಅಲಗತದೇನು?" ಎಂದು ಕೂತಲ್ಲಿಂದಲೇ ಕೇಳಿದರು.

ಅಷ್ಟು ದೂರದಿಂದ ಮುಳ್ಳು ಅವರಿಗೆ ಕಾಣುವಂತಿರಲಿಲ್ಲ. ಹತ್ತಿರ ತಂದರೆ ಅಂಕಿ ಕಾಣದು, ಅವರಿಗೂ ಚಾಳೀಸು ಬಂದು ಎಷ್ಟೋ ವರ್ಷವಾಗಿದೆ, ಆದರೆ ಮುಳ್ಳು ಕಂಡೀತು. ಕೊಳವೆ ಎಷ್ಟು ಉದ್ದ ಬರುತ್ತದೋ ಅಷ್ಟು ಎಳೆದು, ಕನ್ಸೋಲನ್ನು ಅವರ ಕಡೆಗೆ ತಿರುಗಿಸಿ ಹಿಡಿದೆ. ಅವರು ಎದ್ದು, ಕೈ ಕಂಕುಳಲ್ಲೇ ಇಟ್ಟುಕೊಂಡು, ಬಗ್ಗಿ ನೋಡಿದರು. ನಾನು ಉಸಿರೆಳೆದೆ, ಬಿಟ್ಟೆ, ಮತ್ತೆ ಎಳೆದೆ. ಅವರೂ ನನ್ನ ಜೊತೆಗೇ ಎಳೆದು ಬಿಡುತ್ತಿದ್ದರು.

"ಇಲ್ಲ," ಎಂದರು. "ಅಲಗವಲ್ತು. ಹೋಗಿ ಬಾ."

ನಾನು ಹಾರಿದೆ.